ಒಗೆದ ಬಟ್ಟೆಯ ಗಾಡಿ

ಇಸ್ತ್ರಿಯಣ್ಣನ ಮನೆಯಲ್ಲಿ ಅಪ್ಪನಿಗೂ ಮಗಳಿಗೂ ಮಾತು ನಿಂತುಹೋಗಿತ್ತು. ಮನೆಯೋ ಚಿಕ್ಕದು. ಒಂದೇ ಅಡುಗೆಮನೆ, ಒಂದೇ ನಲ್ಲಿ, ತಾರಸಿಗೆ ಹತ್ತಲು ಒಂದೇ ಮೆಟ್ಟಿಲು. ಅಷ್ಟು ಜಾಗದಲ್ಲಿ ಮಾತು ಬಿಟ್ಟವರು ಬಾಳುವುದು ಸುಲಭವಲ್ಲ. ಹಾಗಾಗಿ ಇಬ್ಬರೂ ಇಸ್ತ್ರಿಯಣ್ಣನ ತಾಯಿಯಾದ ಅಜ್ಜಿಯ ಮೂಲಕ ಮಾತಾಡುತ್ತಿದ್ದರು.

"ಅಮ್ಮಾ, ಉಪ್ಪಿನ ಡಬ್ಬಿ ಈ ಕಡೆ ತಳ್ಳು ಅಂತ ಅವಳಿಗೆ ಹೇಳು."

"ಅಜ್ಜೀ, ಡಬ್ಬಿ ಅವರ ಮೊಣಕೈ ಹತ್ರಾನೇ ಇದೆ ಅಂತ ಅವರಿಗೆ ಹೇಳು." ಕೋಪ ಬಂದಾಗ ಮಗಳಿಗೆ ಅಪ್ಪ 'ಅವರು' ಆಗಿಬಿಡುತ್ತಿದ್ದ.

"ನಾನೇನು ಅಂಚೆಯವನಾ?" ಎಂದು ಅಜ್ಜಿ ಡಬ್ಬಿಯನ್ನು ಎತ್ತಿ ತನ್ನ ತಟ್ಟೆಯ ಪಕ್ಕಕ್ಕೆ ಇಟ್ಟುಕೊಂಡಳು. "ಇಬ್ರಿಗೂ ದೇವರು ಬಾಯಿ ಕೊಟ್ಟಿದಾನೆ. ಇವತ್ತು ಸಪ್ಪೆ ಗಂಜೀನೇ ಕುಡೀರಿ."

ಅದು ಪ್ರವಾಸಿಗರ ಊರು. ಬೆಟ್ಟದ ಮೇಲಿನ ಹಳೆಯ ಕೋಟೆ, ಅದರ ಕೆಳಗಿನ ನದಿ, ನದಿಯ ಮೇಲಿನ ಕಲ್ಲಿನ ಸೇತುವೆ ನೋಡಲು ದೂರದೂರದ ದೇಶಗಳಿಂದ ಜನ ಬರುತ್ತಿದ್ದರು. ಅವರು ಮಲಗಿ ಎದ್ದ ಹಾಸುಬಟ್ಟೆ, ಮೈ ಒರೆಸಿದ ಟವೆಲು, ತಲೆ ಇಟ್ಟ ದಿಂಬಿನ ಚೀಲ ಎಲ್ಲವೂ ದೊಡ್ಡ ಹೋಟೆಲಿನಿಂದ ಮೂಟೆಗಟ್ಟಿಕೊಂಡು ಇಸ್ತ್ರಿಯಣ್ಣನ ಮನೆಗೆ ಬಂದು, ಬೆಳ್ಳಗಾಗಿ, ಗರಿಗರಿಯಾಗಿ ಹಿಂತಿರುಗುತ್ತಿದ್ದವು. ಕೆಳಗೆ ಎರಡು ದೊಡ್ಡ ವಾಷಿಂಗ್ ಮೆಷಿನ್, ಹಿತ್ತಲಲ್ಲಿ ಹಂಡೆ, ಮೇಲೆ ತಾರಸಿಯ ತುಂಬ ತಂತಿ. ಆ ಮನೆಯವರು ಕೋಟೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಆದರೆ ಕೋಟೆ ನೋಡಿ ಬಂದವರ ಕಾಲಿನ ಧೂಳು ಯಾವ ಬಣ್ಣದ್ದು, ಅದು ಯಾವ ಸೋಪಿಗೆ ಬಿಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಕಾರ ಚುನಾವಣೆಯನ್ನು ಮತ್ತೊಮ್ಮೆ ಮುಂದೂಡಿದಾಗ ಕಾಲೇಜಿನ ಹುಡುಗ ಹುಡುಗಿಯರು ಬೀದಿಗಿಳಿದರು. ಮೊದಲು ಮೆರವಣಿಗೆ, ಆಮೇಲೆ ಬಂದ್, ಆಮೇಲೆ ಲಾಠಿ, ಅಶ್ರುವಾಯು, ಕರ್ಫ್ಯೂ. ಉರಿಯುವ ಟೈರಿನ ಚಿತ್ರ ಎಲ್ಲ ದೇಶಗಳ ಟೀವಿಯಲ್ಲೂ ಬಂತು. ಆ ದೇಶಗಳು ತಮ್ಮ ಜನರಿಗೆ 'ಸದ್ಯ ಆ ಕಡೆ ಹೋಗಬೇಡಿ' ಎಂದವು. ಬರಬೇಕಾದವರು ಬರಲಿಲ್ಲ, ಬಂದವರಲ್ಲಿ ಅನೇಕರು ಒಬ್ಬೊಬ್ಬರಾಗಿ ಹೊರಟರು. ತಾರಸಿಯ ಮೇಲೆ ತಂತಿ ಖಾಲಿಯಾಗುತ್ತ ಬಂದು, ಕೊನೆಗೆ ಮನೆಯವರ ಬಟ್ಟೆ ಮಾತ್ರ ಒಂದು ಮೂಲೆಯಲ್ಲಿ ತೂಗಾಡತೊಡಗಿತು.

ಮಗಳು ಮೆರವಣಿಗೆಯ ಮುಂದಿನ ಸಾಲಿನಲ್ಲೇ ಇರುತ್ತಿದ್ದಳು. ಅಜ್ಜಿ ಅವಳಿಗೆ ಚಿನಕುರಳಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಪ್ಪ ಮೊದಮೊದಲು ಗೊಣಗಿ ಸುಮ್ಮನಾಗುತ್ತಿದ್ದ. ಆದರೆ ಒಂದು ಸಂಜೆ ಟೀವಿಯಲ್ಲಿ ಮೆರವಣಿಗೆ ತೋರಿಸುವಾಗ, ಹುಡುಗಿಯರು ಎತ್ತಿ ಹಿಡಿದ ಉದ್ದನೆಯ ಬ್ಯಾನರಿನ ಅಂಚಿನಲ್ಲಿ ನೀಲಿ ದಾರದ ಗುರುತು ಕಂಡಿತು. ಅದು ದೊಡ್ಡ ಹೋಟೆಲಿನ ಹಾಸುಬಟ್ಟೆ. ಹೋಟೆಲಿನ ಮ್ಯಾನೇಜರೂ ಅದನ್ನು ನೋಡಿದರು.

"ಉಂಡ ಮನೆಗೆ ಎರಡು ಬಗೆದಂಗಾಯ್ತಲ್ಲೇ!" ಎಂದು ಅಪ್ಪ ಕೂಗಾಡಿದ. "ಅವರ ಬಟ್ಟೆ ಮೇಲೇನೇ ಘೋಷಣೆ ಬರೆದಿದೀಯಲ್ಲ!"

"ಹರಿದಿತ್ತು ಅಂತ ನೀನೇ ನೆಲ ಒರೆಸೋಕೆ ಹಾಕಿದ್ದೆ."

"ನೆಲ ಒರೆಸೋದಕ್ಕೆ ಹಾಕಿದ್ದೆ, ಊರು ಒರೆಸೋದಕ್ಕಲ್ಲ! ನಿಮ್ಮ ಜೈಕಾರದಿಂದ ನನ್ನ ತಂತಿ ಖಾಲಿಯಾಯ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ತಂತಿ ಖಾಲಿ ಮಾಡಿದ್ದು ನಾವಲ್ಲಪ್ಪ. ಓಟು ಕೇಳಿದ್ರೆ ಲಾಠಿ ಕೊಟ್ಟವರು."

"ಲಾಠಿ ಅನ್ನ ಹಾಕಲ್ಲ, ಓಟೂ ಹಾಕಲ್ಲ. ನನಗೆ ಅನ್ನ ಹಾಕೋನು ಪ್ರವಾಸಿ!"

ಮಗಳು ತಟ್ಟೆ ಎತ್ತಿಕೊಂಡು ಇಸ್ತ್ರಿ ಕೋಣೆಗೆ ಹೋಗಿ ಉಂಡಳು. ಅಂದಿನಿಂದ ಮಾತಿಲ್ಲ.

ಇಸ್ತ್ರಿಯಣ್ಣನ ಹೆಂಡತಿಗೆ ಬೀದಿಯವರು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಅವಳು ಯಾರ ಪಕ್ಷವನ್ನೂ ವಹಿಸಲಿಲ್ಲ; ಅವಳಿಗೆ ಅಡುಗೆಮನೆಯ ಚಿಂತೆಯೇ ಸಾಕಾಗಿತ್ತು. ಮೊದಲು ಮೊಟ್ಟೆ ನಿಂತಿತು, ಆಮೇಲೆ ಹಾಲು. ಬೇಳೆಗೆ ನೀರು ಜಾಸ್ತಿಯಾಯಿತು.

"ಹೀಗೇ ಆದ್ರೆ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಮಲಗಬೇಕಾಗತ್ತೆ, ಅತ್ತೆ," ಎಂದಳು ಒಂದು ದಿನ.

"ಹಾಕ್ಕೊಂಡ್ರಾಯ್ತು," ಎಂದಳು ಅಜ್ಜಿ. "ನೀರಿಗೂ ಬಟ್ಟೆಗೂ ನಮ್ಮನೇಲಿ ಬರ ಇಲ್ವಲ್ಲ." ಸೊಸೆಗೆ ಅಳು ಬರಬೇಕಿತ್ತು, ನಗು ಬಂತು.

ಇಸ್ತ್ರಿಯಣ್ಣನ ತಮ್ಮ ಅದೇ ಹೋಟೆಲಿನ ಬಾಗಿಲಲ್ಲಿ ನಿಂತು ಅತಿಥಿಗಳ ಪೆಟ್ಟಿಗೆ ಹೊರುತ್ತಿದ್ದ. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲೇ ಇದ್ದ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ಚಹಾ ಆರುವ ಮೊದಲೇ ಹಿಂತಿರುಗಿದ, ಸಮವಸ್ತ್ರದ ಟೋಪಿ ಕಂಕುಳಲ್ಲಿ.

"ಹೋಟೆಲು ಮುಚ್ಚಿತು," ಎಂದು ಹೊಸ್ತಿಲಲ್ಲೇ ಕೂತ. "ಬೆಳಕು ಹರಿಯೋ ಹೊತ್ತಿಗೆ ಸೈನ್ಯದ ಬಸ್ಸು ಬಂತು. ವಿಮಾನ ನಿಲ್ದಾಣ ಬಂದ್ ಅಂತೆ, ಎಲ್ಲರನ್ನೂ ರೈಲು ನಿಲ್ದಾಣಕ್ಕೆ ಕರ್ಕೊಂಡು ಹೋದ್ರು. ರೈಲೂ ಇಲ್ಲ, ಅಲ್ಲೇ ಇಟ್ಟಿದಾರೆ. ಕೈಗೆ ಸಿಕ್ಕಿದ್ದು ಹಿಡ್ಕೊಂಡು ಓಡಿದ್ರು ಪಾಪ. ಒಬ್ಬರಂತೂ ಎರಡೂ ಎಡಗಾಲಿನ ಚಪ್ಪಲಿ ಹಾಕ್ಕೊಂಡು ಹತ್ತಿದ್ರು."

ಆಗ ಇಸ್ತ್ರಿಯಕ್ಕ ಕೈಯಲ್ಲಿದ್ದ ಸೌಟನ್ನು ಹಾಗೇ ಬಿಟ್ಟು ಇಸ್ತ್ರಿ ಕೋಣೆಗೆ ಹೋದಳು. ಹಾಸುಬಟ್ಟೆಗಳ ಜೊತೆ ಒಮ್ಮೊಮ್ಮೆ ಅತಿಥಿಗಳ ಸ್ವಂತ ಬಟ್ಟೆಯೂ ಒಗೆಯಲು ಬರುತ್ತಿತ್ತು. ಕೊನೆಯ ಮೂಟೆಯಲ್ಲಿ ಒಂದು ಸಂಸಾರದ ಬಟ್ಟೆ ಇತ್ತು: ಗಂಡನ ಶರಟು, ಹೆಂಡತಿಯ ಉಣ್ಣೆಯ ಅಂಗಿ, ಇನ್ನೂ ಹೆಜ್ಜೆ ಕಲಿಯುತ್ತಿರುವ ಮಗುವಿನ ಒಂದು ರಾಶಿ ಬಟ್ಟೆ. ಎಲ್ಲ ಒಗೆದು, ಮಡಿಸಿ, ಕಾಗದ ಸುತ್ತಿ ಇಟ್ಟಾಗಿತ್ತು.

ಅಜ್ಜಿ ಹೆಬ್ಬೆರಳಿನಷ್ಟೇ ಇದ್ದ ಕಾಲುಚೀಲವನ್ನು ಕೈಗೆ ತೆಗೆದುಕೊಂಡು ನೋಡಿದಳು. ಹೊರಗೆ ಚಳಿಗಾಲದ ಗಾಳಿ ಕಿಟಕಿಯ ಗಾಜು ಅಲ್ಲಾಡಿಸುತ್ತಿತ್ತು.

"ಬಟ್ಟೆಯೆಲ್ಲ ಇಲ್ಲೇ ಇದ್ರೆ ಆ ಕೂಸು ಈಗ ಏನು ಹಾಕ್ಕೊಂಡಿದೆ?"



"ಗಲಾಟೆ ಮುಗಿದ ಮೇಲೆ ಹೋಟೆಲಿನವರೇ ಕಳಿಸ್ತಾರೆ ಬಿಡಮ್ಮ," ಎಂದ ಇಸ್ತ್ರಿಯಣ್ಣ, ಆದರೆ ಅವನ ಮಾತಿನಲ್ಲಿ ಅವನಿಗೇ ನಂಬಿಕೆ ಇರಲಿಲ್ಲ.

"ಗಲಾಟೆ ಮುಗಿಯೋವರೆಗೂ ಚಳಿ ಕಾಯತ್ತಾ? ಒಗೆಯೋಕೆ ತಗೊಂಡ ಮೇಲೆ ತಲುಪಿಸೋದೂ ನಮ್ಮ ಕೆಲಸಾನೇ ಕಣೋ. ನಿಮ್ಮಪ್ಪ ಇದ್ದಿದ್ರೆ ಈ ಹೊತ್ತಿಗೆ ಅರ್ಧ ದಾರಿ ಹೋಗಿರ್ತಿದ್ರು."

"ಪೆಟ್ರೋಲಿಲ್ಲ, ಬಟ್ಟೆ ಸಾಗಿಸೋ ವ್ಯಾನು ಹೊರಡಲ್ಲ."

"ತಳ್ಳುಗಾಡಿ ಇದೆಯಲ್ಲ."

ಇಸ್ತ್ರಿಯಣ್ಣ ಎದ್ದು ಹೆಗಲಿಗೆ ಟವೆಲು ಹಾಕಿಕೊಂಡ. ಆಮೇಲೆ ಹೇಳಿದ: "ನಿಲ್ದಾಣಕ್ಕೆ ಯಾವ ದಾರಿ ತೆರೆದಿದೆ ಅಂತ ಅವಳಿಗೆ ಗೊತ್ತಾ, ಕೇಳಮ್ಮ."

"ಗೊತ್ತು ಅಂತ ಹೇಳು ಅಜ್ಜೀ. ಆದ್ರೆ ಬಾಯಲ್ಲಿ ಹೇಳೋಕಾಗಲ್ಲ, ಜೊತೆಗೇ ಬರ್ಬೇಕು."

"ಬೇಡ ಅಂತ ಹೇಳು."

"ಹಾಗಾದ್ರೆ ಸೇತುವೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಅಂತ ಕಾಗೇನ ಕೇಳಲಿ ಅಂತ ಹೇಳು."

ಚಿಕ್ಕಪ್ಪ ಬಾಯಿಗೆ ಟೋಪಿ ಅಡ್ಡ ಹಿಡಿದು ನಕ್ಕ. ಇಸ್ತ್ರಿಯಕ್ಕ ರೊಟ್ಟಿಯ ಗಂಟು ಕಟ್ಟಿ ಮಗಳ ಕೈಗೆ ಕೊಟ್ಟಳು, ಗಂಡನ ಕೈಗೆ ನೀರಿನ ಬಾಟಲಿ ಕೊಟ್ಟಳು. "ಇಬ್ಬರೂ ಒಟ್ಟಿಗೆ ಇರಿ. ಒಟ್ಟಿಗೇ ವಾಪಸ್ ಬನ್ನಿ," ಎಂದಳು. ಆ ತಿಂಗಳಲ್ಲಿ ಅವಳು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಸೇತುವೆಯ ಬಾಯಲ್ಲಿ ಪೊಲೀಸರು ಮುಳ್ಳುತಂತಿ ಎಳೆದಿದ್ದರು. ಮಗಳನ್ನು ನೋಡಿದ ಕೂಡಲೇ ಅವರ ಮುಖ ಗಂಟಾಯಿತು. ಆ ವಯಸ್ಸಿನವರು ಕಂಡರೆ ಸಾಕು, ಸಂಶಯ. ಅದೃಷ್ಟಕ್ಕೆ ಅಲ್ಲಿ ಅವರ ಬೀದಿಯ ಪೇದೆಯೊಬ್ಬ ಇದ್ದ.

"ಎಲ್ಲಿಗಣ್ಣ ಈ ಗಾಡಿ?"

"ನಿಲ್ದಾಣಕ್ಕೆ. ಮಗುವಿನ ಬಟ್ಟೆ." ಇಸ್ತ್ರಿಯಣ್ಣ ಮೇಲಿನ ಕಾಗದ ಬಿಚ್ಚಿ ತೋರಿಸಿದ.

ಪೇದೆ ಕಾಲುಚೀಲ ನೋಡಿ ತಲೆ ಕೆರೆದುಕೊಂಡ. ಹಿಂದಿರುಗಿ ತನ್ನ ಮೇಲಧಿಕಾರಿಗೆ ಏನೋ ಹೇಳಿದ. "ಬೇಗ ಹೋಗಿ ಬೇಗ ಬನ್ನಿ. ಹುಡುಗೀನ ನಿಮ್ಮ ಪಕ್ಕದಲ್ಲೇ ಇಟ್ಕೊಳ್ಳಿ," ಎಂದು ತಂತಿ ಸರಿಸಿದ.

ಸೇತುವೆಯ ಆಚೆ ಇನ್ನೊಂದು ಅಡ್ಡಗಟ್ಟು. ಬೆಂಚು, ಟೈರು, ಮುರಿದ ಬಾಗಿಲು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹುಡುಗರು ಗಾಡಿಯನ್ನು ಸುತ್ತುವರಿದರು. ಗಾಡಿಯ ಪಕ್ಕದಲ್ಲಿ ಹೋಟೆಲಿನ ಹೆಸರು ಬರೆದಿತ್ತು.

"ಇಲ್ಲಿ ಜನ ಏಟು ತಿಂತಾ ಇದ್ರೆ ನೀವು ಹೋಟೆಲಿನವರ ಸೇವೆ ಮಾಡ್ತಿದೀರಾ?" ಎಂದು ಒಬ್ಬ ಗಾಡಿಯನ್ನು ಹಿಡಿದುಕೊಂಡ.

"ಕೈ ತೆಗಿಯೋ! ನಮ್ಮಪ್ಪ ಕಣೋ," ಎಂದು ಮಗಳು ಮುಂದೆ ಬಂದಳು.

ಹುಡುಗ ಮುಖದ ಬಟ್ಟೆ ಇಳಿಸಿದ. ಮೀಸೆಯೂ ಸರಿಯಾಗಿ ಚಿಗುರದ ಮುಖ. "ಸಾರಿ ಅಂಕಲ್. ಇವಳ ತಂದೆ ಅಂತ ಗೊತ್ತಾಗ್ಲಿಲ್ಲ. ಮೊನ್ನೆ ನನ್ನ ತಲೆಗೆ ಪೆಟ್ಟು ಬಿದ್ದಾಗ ಇವಳೇ ಎಳ್ಕೊಂಡು ಹೋಗಿ ಕಟ್ಟು ಹಾಕ್ಸಿದ್ದು." ಹುಡುಗರೇ ಬೆಂಚು ಸರಿಸಿ, ಗಾಡಿಯನ್ನು ಎತ್ತಿ ಆಚೆ ಇಳಿಸಿದರು.

ಮಗಳು ಹೀಗೆಲ್ಲ ಮಾಡಿದ್ದು ಇಸ್ತ್ರಿಯಣ್ಣನಿಗೆ ತಿಳಿದೇ ಇರಲಿಲ್ಲ.

ಮಾರುಕಟ್ಟೆ ಬೀದಿಯ ನಡುವೆ ಇರುವಾಗ ಹಿಂದುಗಡೆ ಢಬ್ ಎಂದು ಸದ್ದಾಯಿತು. ಮೂಲೆಯಿಂದ ಜನ ಓಡಿ ಬಂದರು, ಅವರ ಬೆನ್ನಿಗೆ ಬಿಳಿ ಹೊಗೆ. ಇಸ್ತ್ರಿಯಣ್ಣನ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಮಗಳು ಗಾಡಿಯನ್ನೂ ಅಪ್ಪನನ್ನೂ ಎಳೆದುಕೊಂಡು ಮುಚ್ಚಿದ ಅಂಗಡಿಯೊಂದರ ಜಗಲಿಯ ಮೂಲೆ ಸೇರಿದಳು.

"ಉಜ್ಜಬೇಡಪ್ಪಾ! ಉಜ್ಜಿದ್ರೆ ಇನ್ನೂ ಉರಿಯತ್ತೆ. ಕಣ್ಣು ಬಿಡು, ನೀರು ಹಾಕ್ತೀನಿ."

"ನಿನ್ನ ಕಣ್ಣು?"

"ನನಗೆ ಅಭ್ಯಾಸ ಆಗಿದೆ."

ಅವಳು ಬಾಟಲಿಯ ನೀರನ್ನು ಅವನ ಕಣ್ಣಿಗೆ ನಿಧಾನವಾಗಿ ಹನಿಸಿದಳು. ಅವನು ಹೆಗಲ ಟವೆಲನ್ನು ಒದ್ದೆ ಮಾಡಿ ಅವಳ ಮೂಗು ಬಾಯಿಗೆ ಒತ್ತಿ ಹಿಡಿದ. ಹೊಗೆ ಕರಗುವವರೆಗೆ ಇಬ್ಬರೂ ಹಾಗೇ ಕೂತಿದ್ದರು, ಬಟ್ಟೆಯ ಗಂಟನ್ನು ನಡುವೆ ಅಪ್ಪಿಕೊಂಡು.

"ಇಂಥದ್ದು ಅಭ್ಯಾಸ ಆಗಬಾರದಿತ್ತು ಮಗಾ," ಎಂದ ಇಸ್ತ್ರಿಯಣ್ಣ.

"ಹೌದಪ್ಪಾ," ಎಂದಳು ಮಗಳು. "ಅದಕ್ಕೇ ಮೆರವಣಿಗೆಗೆ ಹೋಗ್ತಿರೋದು."

ರೈಲು ನಿಲ್ದಾಣದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಜನ, ಪೆಟ್ಟಿಗೆ, ಕಂಬಳಿ. ವಿದೇಶದವರಷ್ಟೇ ಅಲ್ಲ, ಬೇರೆ ಊರುಗಳಿಂದ ಸುತ್ತಾಡಲು ಬಂದ ನಿವೃತ್ತ ಮೇಷ್ಟ್ರುಗಳ ಗುಂಪು, ಹೊಸದಾಗಿ ಮದುವೆಯಾದ ಜೋಡಿ, ಅಳಿಯನ ಮನೆಗೆ ಹೊರಟು ನಡುವೆ ಸಿಕ್ಕಿಕೊಂಡ ಮುದುಕ. ಎಲ್ಲರಿಗೂ ಒಂದೇ ಕೊಳೆ, ಒಂದೇ ಚಳಿ.

ಮಗಳು ತನಗೆ ಬರುವ ಅಷ್ಟಿಷ್ಟು ಪರಭಾಷೆಯಲ್ಲಿ ವಿಚಾರಿಸುತ್ತ ಹೋಗಿ ಆ ಸಂಸಾರವನ್ನು ಪತ್ತೆ ಹಚ್ಚಿದಳು. ಮಗುವಿಗೆ ಅಪ್ಪನ ಶರಟನ್ನೇ ತೊಡಿಸಿ ತೋಳುಗಳನ್ನು ಹಿಂದಕ್ಕೆ ಗಂಟು ಹಾಕಿದ್ದರು. ಕಾಲಿಗೆ ಕರವಸ್ತ್ರ ಸುತ್ತಿದ್ದರು. ತಾಯಿ ಕಾಗದದ ಕಟ್ಟನ್ನು ನೋಡಿದಳು, ಗಾಡಿಯ ಮೇಲಿನ ಹೆಸರು ನೋಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಟ್ಟನ್ನು ಎದೆಗವಚಿಕೊಂಡು, ಅದಕ್ಕೆ ಮುಖ ಒತ್ತಿ, ಒಗೆದ ಬಟ್ಟೆಯ ವಾಸನೆಯನ್ನು ಉದ್ದಕ್ಕೆ ಎಳೆದುಕೊಂಡು ಅತ್ತೇಬಿಟ್ಟಳು.

ಗಂಡ ಜೇಬಿನಿಂದ ಹಣ ತೆಗೆದ. ಇಸ್ತ್ರಿಯಣ್ಣ ಎರಡೂ ಕೈ ಅಲ್ಲಾಡಿಸಿದ. "ಹೋಟೆಲಿನವರು ಆಗಲೇ ಕೊಟ್ಟಿದಾರೆ ಅಂತ ಹೇಳು."

"ಕೊಟ್ಟಿಲ್ವಲ್ಲಪ್ಪಾ," ಎಂದು ಮಗಳು ಮೆಲ್ಲಗೆ ಅಂದಳು.

"ಹೇಳು ಅಂದ್ರೆ ಹೇಳು."

ಹಿಂತಿರುಗುವಾಗ, ಟಿಕೆಟ್ ಕೋಣೆಯ ಪಕ್ಕದಲ್ಲಿ ಬಟ್ಟೆಯ ಬೆಟ್ಟವೊಂದು ಕಂಡಿತು. ನಿಲ್ದಾಣದ ಕಾಯುವ ಕೋಣೆಯನ್ನೇ ಆಸ್ಪತ್ರೆ ಮಾಡಿಕೊಂಡಿದ್ದರು. ಒಬ್ಬ ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು ಆ ರಾಶಿಯನ್ನೇ ನೋಡುತ್ತ ನಿಂತಿದ್ದರು.

"ಆಸ್ಪತ್ರೆಯ ಅಗಸರ ಮನೆಗಳು ಊರಾಚೆ. ಅವರು ಬರೋಕೆ ದಾರಿ ಇಲ್ಲ," ಎಂದರು ಯಾರೂ ಕೇಳದಿದ್ದರೂ. "ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿದೆ. ಹಾಸೋಕೆ ಒಂದು ಒಣ ಬಟ್ಟೆ ಇಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಆಸ್ಪತ್ರೆಯ ಬಟ್ಟೆ ತನ್ನ ಮನೆಯ ಹೊಸ್ತಿಲು ದಾಟಕೂಡದು ಎಂಬುದು ಇಸ್ತ್ರಿಯಣ್ಣನ ಹಳೆಯ ನಿಯಮ. ಹೋಟೆಲಿನವರಿಗೆ ತಿಳಿದರೆ ಅವರ ಕೆಲಸ ಕೈಬಿಟ್ಟು ಹೋಗುತ್ತದೆಂಬ ಭಯ.

ಅವನು ಮೂಗಿಗೆ ಟವೆಲು ಕಟ್ಟಿಕೊಂಡ. "ಗಾಡಿ ಖಾಲಿ ಯಾಕೆ ಹೋಗ್ಬೇಕು? ಆ ಕಡೆಯಿಂದ ಹಿಡ್ಕೋ."

ಮನೆಗೆ ಬಂದ ರಾಶಿಯನ್ನು ಕಂಡು ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅಣ್ಣಾ, ಇದು ಹೋಟೆಲಿನ ಬಟ್ಟೆ ಅಲ್ಲ."

"ಮೂಗಿದೆ ನನಗೂ. ಹಂಡೆ ತುಂಬಿಸು."

ಅಜ್ಜಿ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕೂತಳು. ಕಾಯಿಲೆಯವರ ಬಟ್ಟೆಯನ್ನು ಹಂಡೆಯಲ್ಲೇ ಸೋಡಾ ಹಾಕಿ ಕುದಿಸಬೇಕು, ಮೆಷಿನ್ನಿಗೆ ಹಾಕಕೂಡದು, ಎತ್ತುವ ಕೋಲು ಬೇರೆ, ಬುಟ್ಟಿ ಬೇರೆ ಎಂದು ಕಟ್ಟಪ್ಪಣೆ ಮಾಡಿದಳು. ಕರೆಂಟು ಇಲ್ಲದಾಗ ಇಸ್ತ್ರಿಯಕ್ಕ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಊದಿದಳು. ನಲ್ಲಿ ಬತ್ತಿದ ದಿನ ಎದುರುಮನೆಯವರು ತಮ್ಮ ಬಾವಿಯ ಬಾಗಿಲು ತೆರೆದುಬಿಟ್ಟರು. ಚಿಕ್ಕಪ್ಪ ಪೆಟ್ಟಿಗೆ ಹೊತ್ತ ಹೆಗಲಿನಲ್ಲಿ ಕೊಡ ಹೊರುತ್ತ, "ಪೆಟ್ಟಿಗೆಯಾದ್ರೆ ಬಕ್ಷೀಸಾದ್ರೂ ಸಿಗ್ತಿತ್ತು," ಎಂದು ಗೊಣಗುತ್ತಿದ್ದ. ಆದರೆ ಒಂದು ಕೊಡವನ್ನೂ ಬಿಡಲಿಲ್ಲ.

ತಾರಸಿಯ ತಂತಿಗಳು ಮತ್ತೆ ತುಂಬಿದವು.

ಅಪ್ಪ ಮಗಳು ಪ್ರತಿದಿನ ಗಾಡಿ ತಳ್ಳಿಕೊಂಡು ಹೋಗಿಬಂದರು. ಬರುಬರುತ್ತ ಎರಡೂ ಕಡೆಯವರು ಗಾಡಿಯನ್ನು ದೂರದಿಂದಲೇ ಗುರುತಿಸತೊಡಗಿದರು. ಪೇದೆ ತಂತಿ ಸರಿಸುತ್ತಿದ್ದ, ಹುಡುಗರು ಬೆಂಚು ಎತ್ತುತ್ತಿದ್ದರು. ಒಂದು ದಿನ ಹುಡುಗರು "ಅಂಕಲ್, ಆ ಪೊಲೀಸರಿಗೆ ನಮ್ಮ ಮೇಲೆ ಗ್ಯಾಸು ಹೊಡೀಬೇಡಿ ಅಂತ ಹೇಳಿ," ಎಂದರು. ವಾಪಸು ಬರುವಾಗ ಪೇದೆ, "ಅಣ್ಣಾ, ಆ ಹುಡುಗರಿಗೆ ಕಲ್ಲು ಎಸೀಬೇಡಿ ಅಂತ ಹೇಳಿ. ನಾನೂ ಓಟು ಹಾಕೋನೇ," ಎಂದ. ಇಸ್ತ್ರಿಯಣ್ಣ ಎರಡು ಸಂದೇಶವನ್ನೂ ಒಪ್ಪಿಸಿದ. ಫಲವಾಯಿತೋ ಇಲ್ಲವೋ, ಗಾಡಿ ಹೋಗುವ ಹೊತ್ತಿನಲ್ಲಿ ಮಾತ್ರ ಆ ಬೀದಿಯಲ್ಲಿ ಏನೂ ಹಾರಲಿಲ್ಲ.

ನಿಲ್ದಾಣದಲ್ಲಿ ಸಿಕ್ಕಿಕೊಂಡವರೂ ಸುಮ್ಮನಿರಲಿಲ್ಲ. ಮೇಷ್ಟ್ರುಗಳು ಒಗೆದ ಬಟ್ಟೆ ಹಂಚುವ ಕೆಲಸ ವಹಿಸಿಕೊಂಡರು. ಮಗುವಿನ ತಾಯಿ ನರ್ಸಮ್ಮನ ಕೈಕೆಳಗೆ ಕಾಯಿಲೆಯವರಿಗೆ ನೀರು ಕುಡಿಸುತ್ತಿದ್ದಳು. ಯಾರೋ ಬಿಸ್ಕತ್ತು ಕೊಟ್ಟರು, ಯಾರೋ ಹೋಟೆಲಿನಿಂದ ತಂದಿದ್ದ ಪುಟಾಣಿ ಸೋಪುಗಳನ್ನೆಲ್ಲ ಒಟ್ಟುಮಾಡಿ ಕೊಟ್ಟರು. ಪರಿಹಾರ ಸಮಿತಿಯವರು ಪ್ರಯಾಣಿಕರಿಗೆ ತಂದ ಅಕ್ಕಿ ಬೇಳೆಯಲ್ಲಿ ಒಂದು ಪಾಲನ್ನು ನರ್ಸಮ್ಮ ಗಾಡಿಗೆ ಹಾಕಿಸಿದರು. "ಇದು ದಾನ ಅಲ್ಲ, ಕೂಲಿ," ಎಂದು ಗದರಿಸಿದರು, ಇಸ್ತ್ರಿಯಣ್ಣ ಬೇಡವೆನ್ನಲು ಬಾಯಿ ತೆರೆಯುವ ಮೊದಲೇ.

ಆ ದಿನ ಇಸ್ತ್ರಿಯಕ್ಕ ಗಟ್ಟಿ ಬೇಳೆ ಮಾಡಿದಳು. ಎಲ್ಲರೂ ಅಡುಗೆಮನೆಯಲ್ಲೇ ಕೂತು ಉಂಡರು. ಮಗಳು ಎರಡನೇ ಸಲ ಹಾಕಿಸಿಕೊಂಡದ್ದನ್ನು ನೋಡಿ ಇಸ್ತ್ರಿಯಣ್ಣ ಹೇಳಿದ, "ನಾನು ಪ್ರವಾಸಿ ಅನ್ನ ಹಾಕ್ತಾನೆ ಅಂದಿದ್ದೆ. ಹೋಟೆಲು ಮುಚ್ಚಿದ ಮೇಲೂ ಅವನೇ ಹಾಕಿದ ನೋಡು."

"ಪ್ರವಾಸಿ ಹತ್ರ ಗಾಡಿ ಹೋಗೋಕೆ ದಾರಿ ಬಿಟ್ಟೋರು ಯಾರು?" ಎಂದಳು ಮಗಳು.

"ಆ ಹುಡುಗರೂ ಹಾಕಿದ್ರು. ಪೇದೆಯೂ ಹಾಕಿದ. ಎದುರುಮನೆ ಬಾವಿಯೂ ಹಾಕ್ತು."

"ಬೇಳೆ ಬೇಯಿಸಿದ್ದು ನಾನು," ಎಂದಳು ಇಸ್ತ್ರಿಯಕ್ಕ. "ಅದನ್ನ ಯಾರೂ ಹೇಳ್ಬೇಡಿ."

ವಿಮಾನ ನಿಲ್ದಾಣ ತೆರೆದ ದಿನ ಬಸ್ಸುಗಳು ಸಾಲಾಗಿ ಹೊರಟವು. ಮಗುವಿನ ತಾಯಿ ಡ್ರೈವರನ್ನು ಕಾಡಿ ಬೇಡಿ ಬೀದಿಯ ತುದಿಯಲ್ಲಿ ಬಸ್ಸು ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಮನೆಗೆ ಓಡಿಬಂದಳು. ನರ್ಸಮ್ಮನಿಂದ ಕಲಿತ ಒಂದೇ ಒಂದು ವಾಕ್ಯ ಅವಳ ಬಾಯಲ್ಲಿತ್ತು. ಅಜ್ಜಿಯ ಮುಂದೆ ನಿಂತು, ತಡವರಿಸುತ್ತ, "ಅಮ್ಮ... ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಳು.

ಅಜ್ಜಿ ಮಗುವಿನ ಕಾಲು ಹಿಡಿದು ಕಾಲುಚೀಲ ಮೇಲಕ್ಕೆಳೆದಳು. ಬಸ್ಸಿನ ಹಾರ್ನ್ ಕೇಳಿಸಿತು.

ಕೆಲವು ವಾರಗಳಲ್ಲಿ ಸರ್ಕಾರ ಮಣಿದು ಚುನಾವಣೆಗೆ ದಿನ ಗೊತ್ತು ಮಾಡಿತು. ಬೀದಿಗಳ ಬೆಂಚು ಟೈರು ಹೋದವು. ಆದರೆ ಪ್ರವಾಸಿಗರು ಅಷ್ಟು ಬೇಗ ಬರಲಿಲ್ಲ. ಹೆದರಿದವರು ಮತ್ತೆ ಬರಲು ಕಾಲ ಬೇಕು. ಕೋಟೆಯ ಬಾಗಿಲಲ್ಲಿ ಗೈಡುಗಳು ಇಸ್ಪೀಟು ಆಡುತ್ತಿದ್ದರು. ಇಸ್ತ್ರಿಯಣ್ಣನ ಮನೆಯನ್ನು ಆಸ್ಪತ್ರೆಯ ಬಟ್ಟೆ ಕಾಪಾಡಿತು. ನರ್ಸಮ್ಮ ದೊಡ್ಡ ಡಾಕ್ಟರಿಗೆ ಹೇಳಿ ಒಂದು ವಾರ್ಡಿನ ಬಟ್ಟೆಯನ್ನು ಅವನಿಗೇ ಕೊಡಿಸಿದ್ದರು. ಚಿಕ್ಕಪ್ಪನೂ ಅದರಲ್ಲೇ ಕೈಜೋಡಿಸಿದ. ಹಾಲು ಮತ್ತೆ ಮನೆಗೆ ಬಂತು.

ಬಿಸಿಲು ಏರಿದ ಒಂದು ದಿನ ಹೋಟೆಲಿನ ಮ್ಯಾನೇಜರು ಬಂದರು. ಮೊದಲಿಗಿಂತ ಇಳಿದುಹೋಗಿದ್ದರು. ಮುಂದಿನ ವಾರ ಹೋಟೆಲು ತೆರೆಯುತ್ತದೆ, ಸದ್ಯಕ್ಕೆ ಒಂದು ಮಹಡಿ ಮಾತ್ರ ಎಂದರು. ಚಹಾ ಕುಡಿದು ಲೋಟ ಕೆಳಗಿಟ್ಟು, ಹಿತ್ತಲ ಹಂಡೆಯ ಕಡೆ ನೋಡಿದರು.

"ಆದ್ರೆ ಇಸ್ತ್ರಿಯಣ್ಣ, ಆಸ್ಪತ್ರೆ ಬಟ್ಟೆ ಬಿಡಬೇಕಾಗತ್ತೆ. ಅತಿಥಿಗಳಿಗೆ ಗೊತ್ತಾದ್ರೆ ಏನಂದ್ಕೋತಾರೆ?"

ಚಿಕ್ಕಪ್ಪ ಅಣ್ಣನ ಮುಖ ನೋಡಿದ. ಟೋಪಿ ಮತ್ತೆ ತಲೆಗೇರುವ ಆಸೆ ಅವನ ಕಣ್ಣಲ್ಲಿತ್ತು. ಇಸ್ತ್ರಿಯಕ್ಕನೂ ಬಾಗಿಲಲ್ಲಿ ನಿಂತಿದ್ದಳು.

ಇಸ್ತ್ರಿಯಣ್ಣ ಕೈ ಒರೆಸಿಕೊಂಡ. "ನಿಮ್ಮ ಉಪ್ಪು ಬಹಳ ವರ್ಷ ತಿಂದಿದೀನಿ ಸಾರ್, ಮರೆಯಲ್ಲ. ಆದ್ರೆ ನಿಮ್ಮ ಬಾಗಿಲು ಮುಚ್ಚಿದಾಗ ಬಾಗಿಲು ತೆರೆದೋರು ಅವರು. ಅವರ ಬಟ್ಟೆ ಹಂಡೇಲಿ, ನಿಮ್ಮದು ಮೆಷಿನ್‌ನಲ್ಲಿ. ಬುಟ್ಟಿ ಬೇರೆ, ತಂತಿ ಬೇರೆ. ಬಂದು ನೋಡಿ, ಮನಸ್ಸಿಗೆ ಬಂದ್ರೆ ಕೊಡಿ. ಬರ್ದಿದ್ರೆ ಕೋಪ ಇಲ್ಲ."

"ಅದು ಹಾಗಲ್ಲ..."

"ನೋಡಪ್ಪಾ," ಎಂದಳು ಅಜ್ಜಿ ಕುರ್ಚಿಯಿಂದ. "ನಿನ್ನ ಹೋಟೆಲಿನ ಹಾಸಿಗೇಲಿ ಮಲಗೋರು ನಿಲ್ದಾಣದಲ್ಲಿ ಕಾಯಿಲೆ ಬಿದ್ದಾಗ ಮಲಗಿದ್ದು ಅದೇ ಆಸ್ಪತ್ರೆ ಬಟ್ಟೆ ಮೇಲೇ. ಅವರೇನೂ ಅಂದ್ಕೊಳ್ಳಲಿಲ್ಲ, ಬದುಕಿದ್ರು."

ಮ್ಯಾನೇಜರು ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಒಮ್ಮೆ ಅಣ್ಣನತ್ತ ನೋಡಿ, "ನೀನು ಹೇಳಿದ್ದು ಸರಿ ಅಣ್ಣ," ಎಂದ. ಹೇಳಲು ಅವನಿಗೆ ಕಷ್ಟವಾಗಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು. ಇಸ್ತ್ರಿಯಣ್ಣ ತನ್ನ ತಟ್ಟೆಯ ಮೊಟ್ಟೆಯನ್ನು ತಮ್ಮನ ತಟ್ಟೆಗೆ ಹಾಕಿದ.

ಎರಡು ದಿನ ಕಳೆದ ಮೇಲೆ ಹೋಟೆಲಿನ ವ್ಯಾನು ಬಾಗಿಲಿಗೆ ಬಂತು. ಒಳಗೆ ಹಾಸುಬಟ್ಟೆಯ ಒಂದು ಸಣ್ಣ ಮೂಟೆ. ಡ್ರೈವರು ಇಳಿಸಿ, "ಬುಟ್ಟಿ ಬೇರೆ ಇರಲಿ ಅಂತ ಸಾಹೇಬರು ಹೇಳಿದಾರೆ," ಎಂದಷ್ಟೇ ಹೇಳಿದ. ಇಸ್ತ್ರಿಯಕ್ಕ ಆ ಮೂಟೆಯನ್ನು ನೆಲಕ್ಕೆ ತಾಗಿಸದೆ ಎರಡು ಕೈಯಲ್ಲಿ ಒಳಗೆ ಎತ್ತಿಕೊಂಡು ಹೋದಳು.

ಹೋಟೆಲು ತೆರೆದ ದಿನ ಒಗೆದ ಬಟ್ಟೆಯನ್ನು ಅಪ್ಪ ಮಗಳೇ ತಲುಪಿಸಿದರು. ಅವರು ಹಿಂದಿನ ಬಾಗಿಲಿಂದ ಹೊರಬರುವ ಹೊತ್ತಿಗೆ ಮೊದಲ ಬಸ್ಸು ಬಂದು ನಿಂತಿತು. ಅರ್ಧ ಬಸ್ಸೂ ತುಂಬಿರಲಿಲ್ಲ. ಆದರೂ ಬೀದಿಯ ಅಂಗಡಿಯವರು, ಗೈಡುಗಳು, ಹಣ್ಣು ಮಾರುವವರು ಎಲ್ಲ ದಿಬ್ಬಣ ನೋಡುವವರ ಹಾಗೆ ಬಾಗಿಲಿಗೆ ಬಂದು ನಿಂತರು. ಚಿಕ್ಕಪ್ಪ ಟೋಪಿ ಸರಿಮಾಡಿಕೊಂಡು ಪೆಟ್ಟಿಗೆಗೆ ಕೈಹಾಕಿದ.

ಬಸ್ಸಿನಿಂದ ಇಳಿದ ಒಬ್ಬ ವಯಸ್ಸಾದ ಹೆಂಗಸು ಸುತ್ತ ಒಮ್ಮೆ ನೋಡಿ, ಹತ್ತಿರವಿದ್ದ ಮಗಳನ್ನು ಕೇಳಿದಳು: ಇಲ್ಲಿ ತುಂಬ ಗಲಾಟೆ ಅಂತ ಕೇಳಿದ್ದೆವು. ಈಗ ಬಂದದ್ದು ಸರಿಯಾಯಿತೇ?

ಮ್ಯಾನೇಜರು ದೂರದಿಂದಲೇ ಕೈಸನ್ನೆ ಮಾಡಿದರು, ಏನೂ ಇಲ್ಲ ಅನ್ನು ಎಂಬಂತೆ.

"ಗಲಾಟೆ ಆಗಿತ್ತು," ಎಂದಳು ಮಗಳು ಅವರ ಭಾಷೆಯಲ್ಲಿ, ನಿಧಾನವಾಗಿ ಮಾತು ಹುಡುಕುತ್ತ. "ನಾನೂ ಅದರಲ್ಲಿದ್ದೆ. ಚುನಾವಣೆ ಇನ್ನೂ ಮುಂದಿದೆ, ಮತ್ತೆ ಮೆರವಣಿಗೆ ಆದರೂ ಆಗಬಹುದು. ಆದರೆ ಆಗ ಇಲ್ಲಿ ಸಿಕ್ಕಿಕೊಂಡವರೆಲ್ಲ ಕ್ಷೇಮವಾಗಿ ಮನೆ ಸೇರಿದರು."

ಹೆಂಗಸು ಅವಳನ್ನೇ ನೋಡಿದಳು, ಆಮೇಲೆ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತ ಇಸ್ತ್ರಿಯಣ್ಣನನ್ನು ನೋಡಿದಳು. ಅವನಿಗೆ ಮಾತು ಅರ್ಥವಾಗಿರಲಿಲ್ಲ, ಆದರೆ ಮುಖದ ಭಯ ಅರ್ಥವಾಯಿತು. ತನ್ನ ಭಾಷೆಯಲ್ಲೇ ಹೇಳಿದ:

"ಅಷ್ಟು ದೂರದಿಂದ ಬಂದಿರಲ್ಲ ತಾಯಿ, ದೊಡ್ಡ ಉಪಕಾರ. ಒಳಗೆ ಹೋಗಿ ಮಲಗಿ. ಹಾಸುಬಟ್ಟೆ ಇವತ್ತಿನ ಬಿಸಿಲಲ್ಲೇ ಒಣಗಿದ್ದು."

ಮಗಳು ಅದನ್ನು ಅನುವಾದಿಸಲು ಬಾಯಿ ತೆರೆಯುವ ಮೊದಲೇ ಆ ಹೆಂಗಸು ನಕ್ಕು, ತಲೆಯಾಡಿಸಿ, ಮೆಟ್ಟಿ‌ಲು ಹತ್ತಿ ಒಳಗೆ ಹೋದಳು.